ಬಾಗಿಲು ಬೀಗ, ಸರಾಸರಿ

ಹೊಗಳಿಕೆ ಯಾವ ಕಡೆಯಿಂದ ಬಂದು ಬಡಿಯುತ್ತದೋ ಹೇಳುವಂತಿಲ್ಲ. ನೀರಿನ ಇಲಾಖೆಯ ಮೀಟರಣ್ಣನಿಗೆ ಅದು ಒಂದು ಸಂಜೆ, ಗೋಡೆಯ ಬುಡದಲ್ಲಿದ್ದ ಮೀಟರಿನ ಮುಚ್ಚಳ ಎತ್ತಲು ಬಗ್ಗಿದ್ದಾಗ, ಹಿಂದಿನಿಂದ ಬಂದು ಬಡಿಯಿತು.

“ಓಡಿದವನ ಮೀನಖಂಡ ಕಣಯ್ಯಾ ಇದು! ಎಲ್ಲಿದ್ರೂ ಗುರುತು ಹಿಡೀತೀನಿ.”

ಹಾಗೆಂದವರು ಆ ವಾರ್ಡಿನ ಸಮುದಾಯ ವ್ಯಾಯಾಮಶಾಲೆಯ ಕೋಚ್ ತಾತ. ಶಾಲೆಯಲ್ಲಿ ಮಕ್ಕಳಿಗೆ ಮೂವತ್ತೈದು ವರ್ಷ ಕವಾಯತು ಮಾಡಿಸಿ ನಿವೃತ್ತರಾದವರು. ಆಮೇಲೆ ಮನೆಯಲ್ಲಿ ಕೂತು ಮಗ, ಸೊಸೆ ಓಡಾಡುವಾಗಲೆಲ್ಲ ‘ಎಡ, ಬಲ’ ಎನ್ನತೊಡಗಿದ್ದರಿಂದ, ಮನೆಯವರೇ ಓಡಾಡಿ ಅವರಿಗೆ ಈ ಕೆಲಸ ಕೊಡಿಸಿದ್ದರು. ಎರಡು ಕಣ್ಣಿಗೂ ಪೊರೆ. ಹತ್ತಿರದ್ದು ಕಾಣುತ್ತಿರಲಿಲ್ಲ, ದೂರದ್ದು ಅಂದಾಜು. ಅಂಥವರ ಕಣ್ಣಿಗೂ ತನ್ನ ಮೀನಖಂಡ ಬಿತ್ತಲ್ಲ ಎಂದು ಮೀಟರಣ್ಣ ಅಲ್ಲೇ ಕರಗಿ ನೀರಾದ.

ಓಡಿದ್ದೇನೋ ನಿಜ. ಇಪ್ಪತ್ತಾರು ವರ್ಷಗಳ ಹಿಂದೆ ಕಾಲೇಜಿನಲ್ಲಿ ಹರ್ಡಲ್ಸ್ ಓಟದಲ್ಲಿ ಎರಡನೇ ಬಹುಮಾನ. ಓಡಿದವರು ಮೂವರು, ಅವರಲ್ಲಿ ಒಬ್ಬ ನಾಲ್ಕನೇ ಹರ್ಡಲಿನ ಜೊತೆಗೆ ತಾನೂ ಉರುಳಿಕೊಂಡಿದ್ದ. ಕಪ್ಪಿನ ಮೇಲೆ ಇದನ್ನೆಲ್ಲ ಕೆತ್ತುವುದಿಲ್ಲವಾದ್ದರಿಂದ ಮೀಟರಣ್ಣನೂ ಯಾರಿಗೂ ಹೇಳಲು ಹೋಗಿರಲಿಲ್ಲ. ಆ ಕಪ್ಪು ಈಗ ಮನೆಯ ಕಿಟಕಿಯಲ್ಲಿ ಕೂತು, ಬರೆಯದ ಪೆನ್ನುಗಳನ್ನೂ ಒಂಟಿ ಗುಂಡಿಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡಿತ್ತು.

“ಮರಳಿ ಬಾರಯ್ಯ,” ಎಂದರು ತಾತ. “ಆಟಗಾರ ಎಂದೂ ರಿಟೈರ್ ಆಗಲ್ಲ. ಸ್ವಲ್ಪ ತುಕ್ಕು ಹಿಡೀತಾನೆ, ಅಷ್ಟೆ.”

ಸದಸ್ಯತ್ವದ ಅರ್ಜಿಯಲ್ಲಿ ನಾಲ್ಕು ಚೌಕಗಳಿದ್ದವು: ವಿದ್ಯಾರ್ಥಿ, ಹಿರಿಯ ನಾಗರಿಕ, ಸಾರ್ವಜನಿಕ, ಮಾಜಿ ಕ್ರೀಡಾಪಟು. ಮೀಟರಣ್ಣನ ಪೆನ್ನು ಮೂರನೆಯದರ ಮೇಲೆ ಒಂದು ಗಳಿಗೆ ತಡೆದು, ಆಮೇಲೆ ತಾನಾಗಿಯೇ ನಾಲ್ಕನೆಯದಕ್ಕೆ ಜಾರಿತು. ಮಾಜಿ ಕ್ರೀಡಾಪಟುಗಳಿಗೆ ಕಿಟಕಿಯ ಪಕ್ಕದ ಬೆಂಚು ಮೀಸಲು. ಮೇಲೆ ಫ್ಯಾನು. ಇಡೀ ವಾರ್ಡಿನಲ್ಲಿ ಆ ಚೌಕಕ್ಕೆ ಗುರುತು ಹಾಕಿದವನು ಅವನೊಬ್ಬನೇ ಆದ್ದರಿಂದ ಬೆಂಚೂ ಅವನದೇ, ಫ್ಯಾನೂ ಅವನದೇ.

ಆ ವ್ಯಾಯಾಮಶಾಲೆ ಎಂದರೆ ಒಂದು ಉದ್ದನೆಯ ಕೋಣೆ. ಎರಡು ಸೈಕಲ್ಲು, ಒಂದು ಬೆಂಚು, ಒಂದು ರಾಡು, ಅದಕ್ಕೆ ಸಿಕ್ಕಿಸುವ ಕಬ್ಬಿಣದ ಪ್ಲೇಟುಗಳು, ಮೂಲೆಯಲ್ಲಿ ಯಾರು ಹತ್ತಿದರೂ ಅರವತ್ತೆರಡೇ ತೋರಿಸುವ ತೂಕದ ಯಂತ್ರ. ಅದನ್ನು ರಿಪೇರಿ ಮಾಡಿಸಬೇಕೆಂದು ಯಾವ ಸದಸ್ಯನೂ ಬಾಯಿಬಿಟ್ಟಿರಲಿಲ್ಲ. ಗೋಡೆಯ ಮೇಲೆ ಎಲ್ಲರ ಪ್ರಗತಿ ಕಾರ್ಡು. ವಾರಕ್ಕೊಮ್ಮೆ, ಎಷ್ಟು ಕೆಜಿ ಎತ್ತಿದಿರಿ ಎಂದು ಅದರಲ್ಲಿ ಬರೆಯಬೇಕು. ತಾತನ ಕಣ್ಣಿನ ಕಾರಣದಿಂದ ಅವರವರ ಕಾರ್ಡು ಅವರವರೇ ಬರೆದುಕೊಳ್ಳುವ ಪದ್ಧತಿ.

ಮೊದಲ ವಾರ ಮೀಟರಣ್ಣ ಬೆಂಚಿನ ಮೇಲೆ ಮಲಗಿ ಬರೀ ರಾಡು ಎತ್ತಿದ. ಇಪ್ಪತ್ತು ಕೆಜಿ. ಎರಡನೇ ವಾರವೂ ಇಪ್ಪತ್ತು. ಮೂರನೇ ವಾರ ಆಚೆಗೊಂದು ಈಚೆಗೊಂದು ಅತಿ ಚಿಕ್ಕ ಪ್ಲೇಟು ಸೇರಿಸಿ ಇಪ್ಪತ್ತೆರಡೂವರೆ. ಮೂರೂ ವಾರ ದೇವರ ಮೇಲೆ ಆಣೆ ಇಟ್ಟು ಹೇಳಬಹುದಾದ ಸತ್ಯ. ನಾಲ್ಕನೇ ವಾರ ಬೆಂಚಿನ ಮೇಲೆ ಮಲಗಿದ, ಫ್ಯಾನು ತಿರುಗಿತು, ಮೀಟರಣ್ಣನಿಗೆ ನಿದ್ದೆ ಬಂತು.

ಅವನನ್ನು ಬೈಯುವ ಮೊದಲು ಅವನ ದಿನಚರಿ ಸ್ವಲ್ಪ ಕೇಳಬೇಕು. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ದಿನಕ್ಕೆ ನೂರಿಪ್ಪತ್ತು ಮನೆಯ ಮೀಟರು. ನೂರಿಪ್ಪತ್ತು ಸಲ ಬಗ್ಗಬೇಕು, ನೂರಿಪ್ಪತ್ತು ಸಲ ‘ಹೋದ ತಿಂಗಳು ಯಾಕೆ ಜಾಸ್ತಿ ಬಂತು’ ಎಂಬುದಕ್ಕೆ ಉತ್ತರ ಹೇಳಬೇಕು. ಮನೆಗೆ ಬಂದರೆ ಎರಡು ಕೋಣೆ. ಒಂದರಲ್ಲಿ ಇಬ್ಬರು ಹೆಣ್ಣುಮಕ್ಕಳು, ಅವರ ಓದು, ಆ ಓದಿಗಿಂತ ದೊಡ್ಡ ಅವರ ಜಗಳ. ಇನ್ನೊಂದರಲ್ಲಿ ಮಾವನವರು, ಅವರ ರೇಡಿಯೊ. ಮಾವನವರಿಗೆ ಕಿವಿ ಮಂದ, ಹಾಗಾಗಿ ರೇಡಿಯೊ ಇಡೀ ಬೀದಿಗೆ ಹಾಡುತ್ತಿತ್ತು. ಹೆಂಡತಿ ಶಿಶುವಿಹಾರದಲ್ಲಿ ಇಪ್ಪತ್ತೆರಡು ಮಕ್ಕಳನ್ನು ನೋಡಿಕೊಂಡು ಬಂದು, ಮನೆಯಲ್ಲಿ ಮಿಕ್ಕವರನ್ನು ನೋಡಿಕೊಳ್ಳುತ್ತಿದ್ದಳು. ಮಿಕ್ಕವರಲ್ಲಿ ತಾನೂ ಒಬ್ಬ ಎಂಬುದು ಮೀಟರಣ್ಣನಿಗೆ ಯಾವತ್ತೂ ಹೊಳೆದಿರಲಿಲ್ಲ. ಒಟ್ಟಿನಲ್ಲಿ ಆರರಿಂದ ಏಳರವರೆಗೆ, ಯಾರೂ ಏನೂ ಕೇಳದ ಆ ಬೆಂಚೊಂದೇ ಅವನ ಪಾಲಿಗೆ ಲೋಕದಲ್ಲಿ ಉಳಿದ ಜಾಗವಾಗಿತ್ತು. ಅದರ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿಬಿಟ್ಟಿತು.

ಏಳು ಗಂಟೆಗೆ ಎದ್ದ. ಕಾರ್ಡು ಎದುರಿಗೆ ನೇತಾಡುತ್ತಿತ್ತು. ನಾಲ್ಕನೇ ವಾರದ ಮನೆ ಖಾಲಿ.

ಇಲ್ಲಿ ಇಲಾಖೆಯ ಒಂದು ಪದ್ಧತಿ ಹೇಳಲೇಬೇಕು. ಮೀಟರು ನೋಡಲು ಹೋದಾಗ ಮನೆಗೆ ಬೀಗ ಹಾಕಿದ್ದರೆ ಪುಸ್ತಕದಲ್ಲಿ ಆ ಮನೆಯನ್ನು ಖಾಲಿ ಬಿಡುವಂತಿಲ್ಲ. ಹಿಂದಿನ ಮೂರು ಓದುಗಳ ಸರಾಸರಿ ತೆಗೆದು, ಇಷ್ಟು ನೀರು ಖರ್ಚಾಗಿರಬಹುದು ಎಂದು ಅಂದಾಜು ಅಂಕಿ ಬರೆದು, ಪಕ್ಕದಲ್ಲಿ ‘ಬಾಗಿಲು ಬೀಗ, ಸರಾಸರಿ’ ಎಂದು ಷರಾ ಹಾಕಬೇಕು. ಹೀಗೆ ಸತತವಾಗಿ ಮೂರು ಸಲ ಬರೆಯಬಹುದು. ನಾಲ್ಕನೇ ಸಲ ಏನಾದರೂ ಮಾಡಿ ಬಾಗಿಲು ತೆಗೆಸಿ ನೋಡಲೇಬೇಕು.

ಇಪ್ಪತ್ತೊಂದು ವರ್ಷ ಇದನ್ನೇ ಮಾಡಿದ ಕೈ, ಯಜಮಾನನನ್ನು ಒಂದು ಮಾತೂ ಕೇಳದೆ, ಲೆಕ್ಕ ಹಾಕಿತು. ಮೂರು ವಾರದಲ್ಲಿ ಏರಿದ್ದು ಎರಡೂವರೆ ಕೆಜಿ, ಅಂದರೆ ವಾರದಿಂದ ವಾರಕ್ಕೆ ಒಂದೂಕಾಲು. ಇಪ್ಪತ್ತೆರಡೂವರೆಗೆ ಒಂದೂಕಾಲು ಸೇರಿಸಿ ಇಪ್ಪತ್ತಮೂರು ಮುಕ್ಕಾಲು ಎಂದು ಬರೆಯಿತು. ಷರಾ ಹಾಕಲು ಮಾತ್ರ ಕಾರ್ಡಿನಲ್ಲಿ ಜಾಗವಿರಲಿಲ್ಲ.

ಮುಂದಿನ ವಾರವೂ ನಿದ್ದೆ, ಅದರ ಮುಂದಿನ ವಾರವೂ ನಿದ್ದೆ. ಮೂರು ಸಲದ ಮಿತಿ ಯಾವಾಗ ದಾಟಿತೋ ಮೀಟರಣ್ಣನಿಗೆ ಗೊತ್ತಾಗಲಿಲ್ಲ. ಆರೂವರೆಗೆ ತಮ್ಮ ಸುತ್ತು ಮುಗಿಸಿ ಬರುತ್ತಿದ್ದ ಕೋಚ್ ತಾತನಿಗೆ ಪ್ರತಿದಿನ ಕಾಣುತ್ತಿದ್ದುದು ಒಂದೇ ದೃಶ್ಯ: ಬೆಂಚಿನ ಮೇಲೆ ಕೈಕಾಲು ಬಿಟ್ಟು ಬಿದ್ದಿರುವ ಆಟಗಾರ. “ಹೇಗೆ ದಣಿದಿದ್ದಾನೆ ನೋಡಿ,” ಎಂದು ಅವರು ಮಿಕ್ಕವರಿಗೆ ಪಿಸುಗುಟ್ಟುತ್ತಿದ್ದರು. “ಬೆವರೂ ಆರಿಹೋಗಿದೆ. ನೀವು ಹತ್ತು ನಿಮಿಷ ಸೈಕಲ್ ತುಳಿದು ಅರ್ಧ ಗಂಟೆ ಹರಟೆ ಹೊಡೀತೀರಿ. ಈ ಮನುಷ್ಯ ತುಟಿ ಪಿಟಕ್ ಅನ್ನಲ್ಲ!”

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಅರವತ್ತನೇ ವಾರಕ್ಕೆ ಕಾರ್ಡಿನ ಪ್ರಕಾರ ಮೀಟರಣ್ಣ ತೊಂಬತ್ತಮೂರು ಮುಕ್ಕಾಲು ಕೆಜಿ ಎತ್ತುತ್ತಿದ್ದ.

ಆಗ ದೊಡ್ಡ ಕಚೇರಿಯಿಂದ ಕಾಗದ ಬಂತು. ದೀರ್ಘಕಾಲದ ಪ್ರಗತಿ ತೋರಿಸದ ವ್ಯಾಯಾಮಶಾಲೆಗಳನ್ನು ಮುಚ್ಚಿ, ಆ ಕೋಣೆಗಳಲ್ಲಿ ಕಚೇರಿಯ ಮುರಿದ ಕುರ್ಚಿಗಳನ್ನು ಇಡಲಾಗುವುದು, ಸದಸ್ಯರ ಕಾರ್ಡುಗಳನ್ನು ಕೂಡಲೇ ಕಳಿಸತಕ್ಕದ್ದು ಎಂದಿತ್ತು. ತಾತನ ಜೀವ ಹಿಡಿಯಷ್ಟಾಯಿತು. ಬೇರೆ ಸದಸ್ಯರ ಕಾರ್ಡುಗಳು ಮೂರು ವಾರ ತುಂಬಿ, ನಾಲ್ಕನೇ ವಾರ ‘ನೆಗಡಿ’ ಎಂದು ಬರೆದು, ಅಲ್ಲಿಗೆ ನಿಂತಿದ್ದವು. ಅವರು ಎಲ್ಲವನ್ನೂ ಕಟ್ಟಿ ಕಳಿಸಿದರು.

ಹದಿನೈದು ದಿನಕ್ಕೆ ಉತ್ತರ ಬಂತು. ಒಂದು ಕಾರ್ಡು ಕಚೇರಿಯ ಗಮನ ಸೆಳೆದಿದೆ. ಅರವತ್ತು ವಾರ ಒಂದೇ ಒಂದು ಬಾರಿಯೂ ಇಳಿಯದ ಇಂಥ ಪ್ರಗತಿ ಬೇರೆ ಯಾವ ವಾರ್ಡಿನಲ್ಲೂ ಕಂಡುಬಂದಿಲ್ಲ. ಖುದ್ದಾಗಿ ಬಂದು ಆ ಸದಸ್ಯರು ಎತ್ತುವುದನ್ನು ನೋಡಿ, ಶಾಲೆಯ ಅಳಿವು ಉಳಿವು ತೀರ್ಮಾನಿಸಲಾಗುವುದು. ಕೆಳಗೆ ಪರಿಶೀಲನಾಧಿಕಾರಿಯ ಸಹಿ. ಸಹಿಯ ಕೊನೆಗೊಂದು ಉದ್ದನೆಯ ಬಾಲ. ಆ ಬಾಲವನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಮೀಟರಣ್ಣನಿಗೆ ಅನಿಸಿತು, ಆದರೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದಾಗ ಬಾಲ ಯಾರದೆಂದು ಯೋಚಿಸಲು ಆಗುತ್ತದೆಯೇ?

“ತಾತ, ಒಂದು ಮಾತು,” ಎಂದ. “ಆ ಅಂಕಿ ಎಲ್ಲ ಸುಮ್ನೆ ಅಂದಾಜಿಗೆ...”

“ಅಂದಾಜಿಗೆ ಕಡಿಮೆ ಬರೆದಿದ್ದೀಯ, ನನಗೆ ಗೊತ್ತು,” ಎಂದರು ತಾತ, ಅವನ ಎರಡೂ ಕೈ ಹಿಡಿದುಕೊಂಡು. “ದೊಡ್ಡ ಆಟಗಾರರೆಲ್ಲ ಹೀಗೇ. ನೋಡಪ್ಪ, ಈ ಬಾಗಿಲು ಮುಚ್ಚಿದ್ರೆ ನಾನು ಮತ್ತೆ ಮನೆಗೆ ಹೋಗಿ ಕೂರ್ಬೇಕು. ಸೊಸೆ ಒಳ್ಳೆಯವಳು. ಆದ್ರೆ ನಾನು ಕೂತಿರೋ ಕುರ್ಚಿ ಎಲ್ಲಿಟ್ರೂ ಅವಳಿಗೆ ಅಡ್ಡ ಆಗತ್ತೆ. ನನ್ನ ಮಾನ ನಿನ್ನ ತೋಳಿನಲ್ಲಿದೆ.”

ಮೀಟರಣ್ಣ ತನ್ನ ತೋಳಿನ ಕಡೆ ನೋಡಿಕೊಂಡ. ಅಲ್ಲಿ ಯಾರ ಮಾನ ಇಡುವಷ್ಟೂ ಜಾಗ ಕಾಣಲಿಲ್ಲ.

ಮಾರನೆಯ ದಿನ ವ್ಯಾಯಾಮಶಾಲೆಯ ಬಾಗಿಲಲ್ಲಿ ಅವನ ಭಾವಚಿತ್ರ ಬಂತು, ಕೆಳಗೆ ದಪ್ಪ ಅಕ್ಷರದಲ್ಲಿ ‘೯೩¾’. ಅಲ್ಲಿಂದ ಶುರುವಾಯಿತು ನೋಡಿ. ಮೂರನೇ ಮಹಡಿಯವರು ಬೀರು ಸರಿಸಲು ಕರೆದರು. ಪಕ್ಕದ ಮನೆಯಾಕೆ ಹೊಲಿಗೆ ಯಂತ್ರ ಇಳಿಸಿಕೊಡಿ ಎಂದರು. ಔಷಧಿ ಅಂಗಡಿಯವನು ಕೆಟ್ಟುನಿಂತ ಸ್ಕೂಟರನ್ನು ತೋರಿಸಿ, “ಇದೆಲ್ಲ ನಿಮಗೆ ಒಂದು ಕೈ ಕೆಲಸ ಬಿಡಿ,” ಎಂದ. “ಬೆಂಚಿನ ಮೇಲೆ ಮಲಗಿ ಮಾತ್ರ ಎತ್ತಬೇಕು ಅಂತ ಕೋಚ್ ಹೇಳಿದ್ದಾರೆ,” ಎಂದು ಮೀಟರಣ್ಣ ತಪ್ಪಿಸಿಕೊಳ್ಳಲು ನೋಡಿದ. ಬೀರಿನವರು ಮರುದಿನ ಬೀರಿನ ಪಕ್ಕ ಒಂದು ಬೆಂಚು ಹಾಕಿಸಿ ಕಾದರು.

ಇಡೀ ಬೀದಿಯಲ್ಲಿ ನಿಜ ಗೊತ್ತಿರಬೇಕಾದವನು ಒಬ್ಬನಿದ್ದ: ಎದುರು ಮನೆಯ ದರ್ಜಿ. ಹದಿನಾಲ್ಕು ತಿಂಗಳಲ್ಲಿ ಮೀಟರಣ್ಣನ ಪ್ಯಾಂಟಿನ ಸೊಂಟವನ್ನು ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟವನು ಅವನೇ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದು ಬೀದಿಯ ನಡುವೆ ನಿಂತು ಸಾಕ್ಷಿ ಹೇಳಿದ. “ಆಗ್ಲೇ ಅಂದ್ಕೊಂಡೆ ಸ್ವಾಮಿ! ಬೇರೆಯವರಿಗೆ ತೋಳಲ್ಲಿ ಸ್ನಾಯು ಬೆಳೆಯತ್ತೆ. ಇವರಿಗೆ ಸೊಂಟದಲ್ಲಿ ಬೆಳೆದಿದೆ. ಸೊಂಟ ಗಟ್ಟಿ ಇಲ್ದೆ ಅಷ್ಟು ಭಾರ ಯಾರು ಎತ್ತಾರೆ?” ಬೀದಿಯವರು ಮೀಟರಣ್ಣನ ಹೊಟ್ಟೆಯನ್ನು ಹೊಸ ಗೌರವದಿಂದ ನೋಡಿದರು.

ಮಾವನವರು ಕಪ್ಪಿನಲ್ಲಿದ್ದ ಪೆನ್ನು, ಗುಂಡಿ ಎಲ್ಲ ಸುರಿದು, ಬೂದಿ ಹಾಕಿ ಉಜ್ಜಿ, ರೇಡಿಯೊದ ಮೇಲೆ ಮೆರೆಸಿದರು. ಹಿಂದೆ ಅಳಿಯನನ್ನು ಕಂಡರೆ ‘ಬಂದಿರಾ’ ಎಂದಷ್ಟೇ ಅನ್ನುತ್ತಿದ್ದವರು, ಈಗ ಅವನು ಬಂದರೆ ಎದ್ದು ನಿಲ್ಲತೊಡಗಿದರು. “ನಿನಗೆ ಒಳ್ಳೆ ಗಂಡನ್ನೇ ಹುಡುಕಿದ್ದೆ ಕಣಮ್ಮ,” ಎಂದು ಮಗಳಿಗೆ ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಹೇಳಿದರು. ಮಗಳು, ಅಂದರೆ ಮೀಟರಣ್ಣನ ಹೆಂಡತಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಹಿಂದಿನ ವಾರ ಡಬ್ಬಿಯ ಮುಚ್ಚಳ ತೆಗೆಯಲು ಕೊಟ್ಟಾಗ ಅವನು ಅದನ್ನು ಹಿರಿಮಗಳಿಗೆ ದಾಟಿಸಿದ್ದು ಅವಳಿಗೆ ನೆನಪಿತ್ತು. ಒಳಗೆ ಹೋದಳು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಇಲಾಖೆಯಿಂದಲೇ ಬಿತ್ತು. ಮೇಲ್ವಿಚಾರಕರು ಕರೆದು ಕೈ ಕುಲುಕಿ, “ನಮ್ಮಲ್ಲಿ ಇಂಥ ರತ್ನ ಇದೆ ಅಂತ ಗೊತ್ತೇ ಇರ್ಲಿಲ್ಲ. ನಾಳೆಯಿಂದ ನೀವು ಐದು ಮಹಡಿ ಕಟ್ಟಡಗಳ ಸಾಲು ತಗೊಳ್ಳಿ. ಲಿಫ್ಟ್ ಇಲ್ಲ ಅಂತ ಬೇರೆಯವರೆಲ್ಲ ಗೊಣಗ್ತಾರೆ,” ಎಂದರು. ಮೀಟರುಗಳೆಲ್ಲ ತಾರಸಿಯ ಮೇಲೆ. ಮೀಟರಣ್ಣ ದಿನಕ್ಕೆ ಹನ್ನೆರಡು ಕಟ್ಟಡ ಹತ್ತಿ ಹನ್ನೆರಡು ಕಟ್ಟಡ ಇಳಿದ. ಪ್ರಗತಿ ಬರೀ ಕಾರ್ಡಿನಲ್ಲಿ, ದಣಿವು ಮಾತ್ರ ಮೈಯಲ್ಲಿ. ಅವನು ಹುಟ್ಟಿದಾಗಿನಿಂದ ಇಷ್ಟು ಸುಸ್ತಾಗಿರಲಿಲ್ಲ.

ಅಧಿಕಾರಿ ಬರಲು ಇನ್ನು ಆರು ದಿನ ಇತ್ತು. ಆರು ದಿನದಲ್ಲಿ ಅರವತ್ತು ವಾರ ಹಿಡಿಯುವ ಹಟದಿಂದ ಅವನು ಒಂದು ಸಂಜೆ ಯಾರೂ ಇಲ್ಲದಾಗ ರಾಡಿಗೆ ನಿಜವಾಗಿಯೂ ಕೈ ಹಾಕಿದ. ಬರೀ ರಾಡು ಆರು ಸಲ ಎದ್ದಿತು. ಏಳನೇ ಸಲ ಎದೆಯ ಮೇಲೆ ಬಂದು ಕೂತದ್ದು ಮೇಲೇಳಲಿಲ್ಲ. ಹೊಟ್ಟೆಯ ಮೇಲೆ ಉರುಳಿಸಿ ಉರುಳಿಸಿ, ತೊಡೆ ದಾಟಿಸಿ, ಹೇಗೋ ಬಿಡಿಸಿಕೊಂಡು ಎದ್ದ. ಮರುದಿನ ಎರಡೂ ಕೈ ಭುಜಕ್ಕಿಂತ ಮೇಲೆ ಹೋಗಲಿಲ್ಲ. ಅಂಗಿ ತೊಡಲು ಹೆಂಡತಿಯೇ ಬರಬೇಕಾಯಿತು. “ಕಠಿಣ ಸಾಧನೆ,” ಎಂದರು ಮಾವನವರು, ರೇಡಿಯೊದ ಸದ್ದು ತಗ್ಗಿಸಿ.

ಆ ದಿನ ಬಂದೇ ಬಂತು. ಸಂಜೆ ಐದೂವರೆಗೆ ಕೋಣೆಯೊಳಗೆ ಕಾಲಿಡಲು ಜಾಗವಿಲ್ಲ. ಬೀರಿನವರು, ಹೊಲಿಗೆ ಯಂತ್ರದವರು, ಔಷಧಿ ಅಂಗಡಿಯವನು, ಟೇಪಿನ ಸಮೇತ ದರ್ಜಿ, ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡ ಮಾವನವರು, ಮಕ್ಕಳು, ಗೋಡೆಗೆ ಒರಗಿ ನಿಂತ ಹೆಂಡತಿ. ಬೆಳಗ್ಗಿನಿಂದ ತಾತನನ್ನು ಒಂದು ಚಿಂತೆ ಕಾಡಿತ್ತು. ರಾಡಿಗೆ ಪ್ಲೇಟು ಸಿಕ್ಕಿಸಿ ಸಿಕ್ಕಿಸಿ ತೊಂಬತ್ತೆರಡೂವರೆವರೆಗೆ ತಂದರೂ ಮೇಲಿನ ಒಂದೂಕಾಲು ಕೂಡಿಸಲು ಅಷ್ಟು ಚಿಕ್ಕ ಪ್ಲೇಟೇ ಇರಲಿಲ್ಲ. ಕೊನೆಗೆ ಮುಂಬಾಗಿಲಿನ ಬೀಗವನ್ನೂ ಹಿಂಬಾಗಿಲಿನ ಬೀಗವನ್ನೂ ತೂಗಿ ನೋಡಿ, ರಾಡಿನ ಒಂದೊಂದು ತುದಿಗೆ ಒಂದೊಂದನ್ನು ನೇತುಹಾಕಿದರು.

ಪರಿಶೀಲನಾಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಕಂಕುಳಲ್ಲಿ ಕಡತ, ಕಾಲಲ್ಲಿ ಕಚ್ಚುವ ಚಪ್ಪಲಿ. ಇದು ಆ ದಿನದ ಏಳನೇ ವ್ಯಾಯಾಮಶಾಲೆ. ಕುರ್ಚಿ ಸಿಗದೆ ಸೈಕಲ್ಲಿನ ಮೇಲೆ ಕೂತು, ರಾಡನ್ನೂ ಬೀಗಗಳನ್ನೂ ಬಹಳ ಹೊತ್ತು ನೋಡಿ, “ಶುರು ಮಾಡಿ,” ಎಂದರು.

ಮೀಟರಣ್ಣ ಆ ದಿನ ಹದಿಮೂರು ಕಟ್ಟಡ ಹತ್ತಿ ಬಂದಿದ್ದ. ಹೆದರಿಕೆಯಿಂದ ಹಿಂದಿನ ದಿನಗಳಲ್ಲಿ ಸರಿಯಾಗಿ ಕಣ್ಣೂ ಮುಚ್ಚಿರಲಿಲ್ಲ. ಬಲಿಗೆ ಹೊರಟವನ ಮುಖ ಮಾಡಿಕೊಂಡು ಬೆಂಚಿನ ಮೇಲೆ ಒರಗಿದ. ಬೆನ್ನಿಗೆ ಹಳೆಯ ರೆಕ್ಸಿನ್ನು ತಾಗಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಸಂಜೆ ಆರು ಗಂಟೆ. ಮನಸ್ಸು ಏನೇ ಅಂದುಕೊಳ್ಳಲಿ, ಈ ಬೆಂಚಿನ ಮೇಲೆ ಈ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೈಗೆ ಹದಿನಾಲ್ಕು ತಿಂಗಳ ಅಭ್ಯಾಸವಿತ್ತು. ರಾಡಿಗೆ ಕೈ ಇಟ್ಟ, ಕಣ್ಣು ಮುಚ್ಚಿದ.

“ಏಕಾಗ್ರತೆ,” ಎಂದು ತಾತ ಪಿಸುಗುಟ್ಟಿದರು. ಜನ ಉಸಿರು ಬಿಗಿಹಿಡಿದರು.

ಒಂದು ನಿಮಿಷವಾಯಿತು, ಎರಡಾಯಿತು. ರಾಡಿನ ಮೇಲಿದ್ದ ಕೈಗಳು ಒಂದರ ಹಿಂದೆ ಒಂದು ಜಾರಿ ಕೆಳಗೆ ತೂಗಿದವು.

“ಕೈ ಸಡಿಲ ಬಿಡ್ತಿದ್ದಾನೆ,” ಎಂದರು ಮಾವನವರು, ಕಿವುಡರಾದ್ದರಿಂದ ಎಲ್ಲರಿಗೂ ಕೇಳುವಂತೆ. “ಅದೂ ಒಂದು ಪಟ್ಟು.”

ಆಗ ಬೆಂಚಿನ ಕಡೆಯಿಂದ ಗೊರಕೆ ಎದ್ದಿತು. ಮೊದಲು ಸಣ್ಣದು, ಆಮೇಲೆ ತುಂಬು ಗೊರಕೆ.

“ಉಸಿರಾಟದ ವ್ಯಾಯಾಮ,” ಎಂದ ದರ್ಜಿ. “ಸೊಂಟದಿಂದ ಎಳೀತಿದ್ದಾರೆ ನೋಡಿ.”

ಎರಡನೇ ಗೊರಕೆಗೆ ಕಿರಿಮಗಳು, “ಅಪ್ಪ ಮನೇಲೂ ಇದೇ ವ್ಯಾಯಾಮ ಮಾಡ್ತಾರೆ,” ಎಂದಳು. ತಾತನಿಗೆ ಕಣ್ಣು ಕಾಣದಿದ್ದರೂ ಕಿವಿ ಚುರುಕಾಗಿತ್ತು. ಅವರು ಮೆಲ್ಲಗೆ ಗೋಡೆ ಹಿಡಿದುಕೊಂಡರು. ಮುಖ ಸಣ್ಣದಾಯಿತು.

ಅಧಿಕಾರಿ ಸೈಕಲ್ಲಿನಿಂದ ಇಳಿಯದೆಯೇ ಹೇಳಿದರು. “ಎಲ್ಲರೂ ಆಚೆ ಹೋಗಿ. ಉಳಿದ ತಪಾಸಣೆ ನಾನೊಬ್ಬಳೇ ಮಾಡ್ತೀನಿ. ಬಾಗಿಲು ಎಳ್ಕೊಳ್ಳಿ.”

ಮೀಟರಣ್ಣ ಎಚ್ಚರಗೊಂಡಾಗ ಏಳು ಗಂಟೆ. ಅವನ ಮೈಗಡಿಯಾರ ಯಾವತ್ತೂ ತಪ್ಪಿದ್ದಲ್ಲ. ಕಣ್ಣು ಬಿಟ್ಟರೆ ಕೋಣೆ ಖಾಲಿ. ಅಧಿಕಾರಿ ಚಪ್ಪಲಿ ಬಿಟ್ಟು, ಸೈಕಲ್ಲಿನ ಪೆಡಲಿನ ಮೇಲೆ ಕಾಲು ಚಾಚಿ, ಅವನ ಕಾರ್ಡು ಓದುತ್ತಿದ್ದರು. ಧಡಕ್ಕನೆ ಎದ್ದು ಕೂರಲು ಹೋಗಿ ಹಣೆಯನ್ನು ರಾಡಿಗೆ ಗುದ್ದಿಕೊಂಡ. ರಾಡು ಕದಲಲಿಲ್ಲ. ಬೀಗಗಳು ಮಾತ್ರ ಎರಡು ಸಲ ಟಣ್ ಎಂದವು.

“ನಿಧಾನ,” ಎಂದರು ಅಧಿಕಾರಿ. “ಈ ಜಿಮ್ಮಿನ ಅತಿ ಚಿಕ್ಕ ಪ್ಲೇಟು ಎಷ್ಟು?”

“ಒಂದೂಕಾಲು ಕೆಜಿ, ಮೇಡಂ.”

“ಎರಡು ಕಡೆಗೂ ಹಾಕ್ಬೇಕು ತಾನೆ? ಅಂದ್ರೆ ಏರಿದ್ರೆ ಎರಡೂವರೆ ಏರ್ಬೇಕು. ನೀವು ಐವತ್ತೇಳು ವಾರ ಒಂದೊಂದೂಕಾಲು ಏರಿದ್ದೀರಿ. ಒಂದೇ ಕಡೆ ಹಾಕಿ ಎತ್ತಿದ್ರಾ?”

ಮೀಟರಣ್ಣ ಹಣೆ ಉಜ್ಜಿಕೊಂಡ.

“ಹೋದ ವರ್ಷ ಸುಣ್ಣಬಣ್ಣಕ್ಕೆ ಅಂತ ಈ ಕೋಣೆ ಎರಡು ವಾರ ಮುಚ್ಚಿತ್ತು. ಆ ಎರಡು ವಾರವೂ ಏರಿದ್ದೀರಿ. ಆಚೆ ನಿಂತ್ಕೊಂಡು ಎತ್ತಿದ್ರಾ?” ಅಧಿಕಾರಿ ಕಾರ್ಡು ಮಡಚಿದರು. “ಹನ್ನೊಂದು ವರ್ಷ ನೀರಿನ ಇಲಾಖೆಯಲ್ಲಿ ಮೀಟರ್ ಪುಸ್ತಕ ತಿದ್ದಿದ್ದೀನಿ ಕಣ್ರಿ. ಮನುಷ್ಯನ ಮೈ ಇಷ್ಟು ನೆಟ್ಟಗೆ ಏರಲ್ಲ. ಬೀಗ ಹಾಕಿದ ಮನೆ ಮಾತ್ರ ಹೀಗೆ ಏರೋದು.”

ಆಗ ಹೊಳೆಯಿತು, ಆ ಬಾಲ ಯಾರದು ಎಂದು. ಅವನ ಮೊದಮೊದಲ ಪುಸ್ತಕಗಳಲ್ಲಿ ‘ಮೂರು ಸಲ ಮೀರಿದೆ, ಬಾಗಿಲು ತೆಗೆಸಿ ನೋಡಿ’ ಎಂಬ ಕೆಂಪು ಷರಾದ ಕೆಳಗೆ ಇದೇ ಬಾಲ ನೇತಾಡುತ್ತಿತ್ತು. ಮೀಟರಣ್ಣ ಬೆಂಚಿನ ಮೇಲೆ ಕುಸಿದ. ಆಮೇಲೆ ಹತ್ತಿ ಬಿಡಿಸಿದ ಹಾಗೆ ಎಲ್ಲ ಬಿಡಿಸಿ ಹೇಳಿದ: ನೂರಿಪ್ಪತ್ತು ಮನೆ, ರೇಡಿಯೊ, ಜಗಳ, ಐದು ಮಹಡಿ, ಫ್ಯಾನು.

“ತಪ್ಪು ನಂದೇ, ಮೇಡಂ. ನನಗೆ ಏನು ಬೇಕಾದ್ರೂ ಮಾಡಿ. ಆದ್ರೆ ತಾತನಿಗೆ ಇದೊಂದು ಬಾಗಿಲು ಬಿಟ್ರೆ ಬೇರೆ ಇಲ್ಲ. ನನಗೂ ಇಲ್ಲ, ನಿಜ ಹೇಳ್ತೀನಿ. ದಿನಕ್ಕೊಂದು ಗಂಟೆ ಇಲ್ಲಿ ಬಿದ್ಕೊಂಡಿರ್ತೀನಿ ಅನ್ನೋ ಆಸೆಯಲ್ಲೇ ಮಿಕ್ಕಿದ್ದೆಲ್ಲ ನಡೀತಾ ಇದೆ.”

ಅಧಿಕಾರಿ ಪಾದ ಒತ್ತಿಕೊಂಡರು. “ಪ್ರಗತಿ ಆಗಿದೆ ಅಂತ ಬರೆದ್ರೆ ಸುಳ್ಳಾಗತ್ತೆ. ಆಗಿಲ್ಲ ಅಂತ ಬರೆದ್ರೆ ಸೋಮವಾರ ಕುರ್ಚಿ ತಂದು ಇಳಿಸ್ತಾರೆ. ಆ ಕುರ್ಚಿಗಳನ್ನ ನಾನು ನೋಡಿದ್ದೀನಿ, ಅವು ಎಲ್ಲಿದ್ರೂ ಒಂದೇ.” ಕಡತ ಬಿಚ್ಚಿ ಬರೆದರು. ಬಾಲ ಎಳೆದು ಸಹಿ ಹಾಕಿ ಅವನ ಕಡೆ ತಿರುಗಿಸಿದರು.

‘ತಪಾಸಣೆಯ ವೇಳೆ ಬಾಗಿಲು ಬೀಗ. ಹಿಂದಿನ ವರದಿಗಳ ಸರಾಸರಿ ಪ್ರಕಾರ ಪ್ರಗತಿ ಅಂದಾಜಿಸಲಾಗಿದೆ. ಶಾಲೆಯನ್ನು ಮುಂದುವರಿಸಬಹುದು.’

“ಬಾಗಿಲು ಎಳೆದೇ ಇದೆಯಲ್ಲ, ಬೀಗಗಳೂ ಎದುರಿಗೇ ನೇತಾಡ್ತಿವೆ,” ಎಂದರು ಅಧಿಕಾರಿ, ಚಪ್ಪಲಿ ಮೆಟ್ಟುತ್ತ. “ಆದ್ರೆ ಹೀಗೆ ಮೂರು ಸಲ ಮಾತ್ರ ಬರೀಬಹುದು, ನಿಮಗೇ ಗೊತ್ತು. ಇದು ಮೊದಲನೇದು.”

ಆಚೆ ಕಾಯುತ್ತಿದ್ದವರಿಗೆ ಅವರು, “ಶಾಲೆ ಮುಂದುವರಿಯತ್ತೆ,” ಎಂದಷ್ಟೇ ಹೇಳಿ ಹೊರಟುಹೋದರು. ತಾತ ಬಾಗಿಲಿಗೆ ಹಣೆ ಹಚ್ಚಿ ಮಕ್ಕಳ ಹಾಗೆ ಅತ್ತುಬಿಟ್ಟರು. ಮಾವನವರು ಕಪ್ಪು ಎತ್ತಿ ಹಿಡಿದರು. ಒಳಗೆ ಏನೇನು ಎತ್ತಲಾಯಿತೆಂದು ದರ್ಜಿ ಬೀದಿಗೆ ವಿವರಿಸತೊಡಗಿದ.

ಮನೆಗೆ ಹೋಗುವಾಗ ಹೆಂಡತಿ ಮಕ್ಕಳನ್ನೂ ಅಪ್ಪನನ್ನೂ ಮುಂದೆ ಬಿಟ್ಟು ಹಿಂದುಳಿದಳು.

“ರೀ, ಹದಿನಾಲ್ಕು ತಿಂಗಳು ಅಲ್ಲಿ ಮಲಗ್ತಿದ್ರಾ?”

“ಹೂಂ.”

ಮೀಟರಣ್ಣ ಸಿಡಿಲಿಗೆ ಕಾದ. ಹತ್ತು ಹೆಜ್ಜೆ ಸಿಡಿಲಿಲ್ಲ.

“ಫ್ಯಾನ್ ಚೆನ್ನಾಗಿ ತಿರುಗತ್ತಾ?”

“ತಿರುಗತ್ತೆ.”

“ಯಾರೂ ಮಾತಾಡ್ಸಲ್ವಾ?”

“ಇಲ್ಲ.”

ಅವಳ ಬಾಯಿಂದ ಒಂದು ಉಸಿರು ಬಂತು. ಆ ಉಸಿರಿನಲ್ಲಿ ಇಪ್ಪತ್ತೆರಡು ಮಕ್ಕಳು, ಎರಡು ಕೋಣೆ, ಒಂದು ರೇಡಿಯೊ ಎಲ್ಲ ಇದ್ದವು. ಇಷ್ಟು ವರ್ಷ ತಾನೊಬ್ಬನೇ ದಣಿದಿದ್ದೇನೆ ಎಂದುಕೊಂಡಿದ್ದ ಮೀಟರಣ್ಣನಿಗೆ ಬೆಂಚಿನ ಮೇಲೆ ಆಗದ ನಾಚಿಕೆ ಬೀದಿಯಲ್ಲಿ ಆಯಿತು.

“ನಾಳೆಯಿಂದ ನಾನೂ ಬರ್ತೀನಿ,” ಎಂದಳು.

ಮರುದಿನ ಸಂಜೆ ಆರಕ್ಕೆ ಇಬ್ಬರೂ ಹೋದರು. ಬೆಂಚು ಇದ್ದುದು ಒಂದೇ. ಅವಳು ಅದರ ಮೇಲೆ ಒರಗಿ, “ಐದೇ ನಿಮಿಷ,” ಎಂದಳು. ಮಾತು ಮುಗಿಯುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಮೀಟರಣ್ಣ ಫ್ಯಾನನ್ನು ಒಂದು ಸುತ್ತು ಜೋರು ಮಾಡಿ, ಕೋಣೆಯ ಸುತ್ತ ಕಣ್ಣು ಹಾಯಿಸಿದ. ಮಲಗಲು ಬೇರೆ ಜಾಗವಿರಲಿಲ್ಲ. ಕೂರಲು ಸೈಕಲ್ಲುಗಳಿದ್ದವು, ಆದರೆ ಅವು ಕಿರುಗುಟ್ಟುತ್ತಿದ್ದವು. ಸದ್ದು ಮಾಡದ ಸಾಮಾನು ಎಂದು ಉಳಿದಿದ್ದುದು ರಾಡೊಂದೇ. ಪ್ಲೇಟುಗಳನ್ನೂ ಬೀಗಗಳನ್ನೂ ಒಂದೊಂದಾಗಿ, ಟಣ್ ಎನ್ನದಂತೆ ಇಳಿಸಿ, ನಿಂತುಕೊಂಡೇ ಎತ್ತಿದ. ಒಂದು, ಎರಡು, ಮೂರು. ಅವಳು ಏಳುವವರೆಗೆ ಮಾಡಲು ಬೇರೇನೂ ಇರಲಿಲ್ಲ.

ಏಳು ಗಂಟೆಗೆ ಕಾರ್ಡು ತೆಗೆದು, ತೊಂಬತ್ತಮೂರು ಮುಕ್ಕಾಲರ ಮುಂದಿನ ಮನೆಯಲ್ಲಿ ‘ಇಪ್ಪತ್ತು’ ಎಂದು ಬರೆದ. ಆಮೇಲೆ, ಜಾಗವಿಲ್ಲದಿದ್ದರೂ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಷರಾ ಹಾಕಿದ: ‘ಬಾಗಿಲು ತೆಗೆದಿತ್ತು.’